ಮುಟ್ಟು ನಿಲ್ಲುವುದಕ್ಕೆ ಮೂರನೆಯ ಅರ್ಥ

‘ಮುಟ್ಟು ನಿಂತಿದೆ’ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವುದು ಎರಡೇ ಅರ್ಥ. ಹೊಸದಾಗಿ ಮದುವೆಯಾದವಳ ಬಗ್ಗೆ ಆಡಿದರೆ ಅದು ಸಿಹಿ ಸುದ್ದಿ. ಐವತ್ತರ ಸಮೀಪ ಬಂದವಳ ಬಗ್ಗೆಯಾದರೆ ‘ಸದ್ಯ, ಒಂದು ಕಾಟ ಕಳೆಯಿತು’ ಎಂಬ ನಿಟ್ಟುಸಿರು. ಸ್ತನ ಕ್ಯಾನ್ಸರ್‌ಗೆ ಮೂರನೆಯ ಸುತ್ತಿನ ಕಿಮೋ ಮುಗಿಸಿಕೊಂಡ 36 ವರ್ಷದ ಹೆಂಗಸು ಅದೇ ಮಾತನ್ನು ಆಡಿದಾಗ ಕೇಳಿದವರಿಗೆ ಈ ಎರಡು ಅರ್ಥಗಳೂ ಕೆಲಸಕ್ಕೆ ಬರುವುದಿಲ್ಲ. ಮೂರನೆಯ ಅರ್ಥವೊಂದು ಇದೆ. ಅದಕ್ಕೆ ಮನೆಮಾತಿನಲ್ಲಿ ಪದವೇ ಹುಟ್ಟಿಲ್ಲ; ಆಸ್ಪತ್ರೆಯಲ್ಲಿ ಅದನ್ನು ‘ಸೈಡ್ ಎಫೆಕ್ಟ್’ ಎಂದು ಕರೆದು ಮುಂದಿನ ರೋಗಿಯನ್ನು ಒಳಗೆ ಕರೆಯುತ್ತಾರೆ. ಈ ಅಧ್ಯಾಯದ ತಕರಾರು ಇರುವುದು ಆ ಪದದ ಮೇಲೆಯೇ. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅಕಾಲದಲ್ಲಿ ಬರುವ ಋತುಬಂಧ ಕೆಲವು ಮಹಿಳೆಯರ ಪಾಲಿಗೆ ಚಿಕಿತ್ಸೆಯೇ ಆಗಿರುತ್ತದೆ, ಇನ್ನು ಕೆಲವರ ಪಾಲಿಗೆ ಬರೀ ನಷ್ಟ. ಆಸ್ಪತ್ರೆಯ ಒಂದೇ ಬೆಂಚಿನಲ್ಲಿ ಕೂತು, ಒಂದೇ ಬಗೆಯ ಮೈಬಿಸಿಯನ್ನು ಸೆರಗಿನಿಂದ ಬೀಸಿಕೊಳ್ಳುತ್ತಿರುವ ಇಬ್ಬರಲ್ಲಿ ಯಾರದು ಯಾವುದು ಎಂಬುದು ಮೊದಲ ದಿನವೇ ಅವರಿಗೂ ಮನೆಯವರಿಗೂ ತಿಳಿದಿರಬೇಕು. ಅದು ತಿಳಿಯದೆ ಕೊಡುವ ಧೈರ್ಯ, ಸಾಂತ್ವನ, ಆಸರೆ ಎಲ್ಲವೂ ಅರ್ಧಕ್ಕೇ ನಿಲ್ಲುತ್ತವೆ; ಕೆಲವೊಮ್ಮೆ ದಾರಿಯನ್ನೂ ತಪ್ಪಿಸುತ್ತವೆ.

ಋತುಬಂಧವನ್ನು ಔಷಧಿಯಾಗಿ ಬಳಸುವ ವಿಚಾರ ಹಾರ್ಮೋನ್ ಎಂಬ ಪದಕ್ಕಿಂತಲೂ ಹಳೆಯದು. ಆ ಪದ ಬಳಕೆಗೆ ಬಂದದ್ದು 1905ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲು, 1895ರ ಜೂನ್‌ನಲ್ಲಿ, ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ 33 ವರ್ಷದ ಮಹಿಳೆಯೊಬ್ಬಳ ಎರಡೂ ಅಂಡಾಶಯಗಳನ್ನು ತೆಗೆದರು. ಆಕೆಯ ಕಾಯಿಲೆ ಇದ್ದದ್ದು ಎದೆಯಲ್ಲಿ, ಅದೂ ಮತ್ತೆ ಕತ್ತರಿ ಹಾಕಲಾರದಷ್ಟು ಹರಡಿಕೊಂಡು. ಬೀಟ್ಸನ್ ಓದುವ ದಿನಗಳಲ್ಲೇ ಹಾಲೂಡಿಕೆಯ ಬಗ್ಗೆ ಅಧ್ಯಯನ ಮಾಡಿದ್ದರು. ಕರು ಹಾಕಿದ ಹಸುವಿನ ಅಂಡಾಶಯ ತೆಗೆದರೆ ಅದು ಬತ್ತದೆ ಹೆಚ್ಚು ಕಾಲ ಹಾಲು ಕರೆಯುತ್ತದೆ ಎಂದು ಕೆಲವು ದೇಶಗಳ ರೈತರಿಗೆ ಗೊತ್ತಿದ್ದ ಸಂಗತಿ ಅವರ ಕಿವಿಗೂ ಬಿದ್ದಿತ್ತು. ಕಿಬ್ಬೊಟ್ಟೆಯ ಅಂಗವೊಂದು ಎದೆಯ ಅಂಗವನ್ನು ಆಳುತ್ತಿರುವುದಾದರೆ, ಆಳುವುದನ್ನೇ ತೆಗೆದರೆ ಎದೆಯ ಗೆಡ್ಡೆಗೆ ಏನಾಗಬಹುದು? ಗೆಡ್ಡೆ ಕರಗಿತು. ಆಕೆ ಮುಂದೆ ಸುಮಾರು ನಾಲ್ಕು ವರ್ಷ ಬದುಕಿದಳು. 1896ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. ಆದರೆ ಅದೇ ಶಸ್ತ್ರಕ್ರಿಯೆ ಬೇರೆ ಮಹಿಳೆಯರಲ್ಲಿ ಒಮ್ಮೆ ಫಲಿಸಿ ಒಮ್ಮೆ ಸೋತದ್ದು ಏಕೆಂದು ಯಾರಿಗೂ ಹೊಳೆಯಲಿಲ್ಲ. ಉತ್ತರಕ್ಕೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಯಬೇಕಾಯಿತು. ಷಿಕಾಗೋದಲ್ಲಿ ಎಲ್ವುಡ್ ಜೆನ್ಸನ್ ಅವರು ಈಸ್ಟ್ರೋಜನ್ ಬಂದು ಕೂರುವ ಗ್ರಾಹಕವನ್ನು ಗುರುತಿಸಿದ ಮೇಲೆ ಲೆಕ್ಕ ತಾಳೆಯಾಯಿತು. ಕೆಲವು ಗೆಡ್ಡೆಗಳ ಜೀವಕೋಶಗಳಲ್ಲಿ ಆ ಗ್ರಾಹಕ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಇದ್ದರೆ ಗೆಡ್ಡೆಗೆ ಈಸ್ಟ್ರೋಜನ್ ಗೊಬ್ಬರ. ಇಂದು ಬಯಾಪ್ಸಿ ರಿಪೋರ್ಟಿನಲ್ಲಿ ‘ಇ.ಆರ್. ಪಾಸಿಟಿವ್’ ಎಂದು ಬರೆದಿರುವುದರ ಅರ್ಥ ಇಷ್ಟೇ.

ಈಗಿನ ಗುಳಿಗೆಗಳೂ ಚುಚ್ಚುಮದ್ದುಗಳೂ ಬೀಟ್ಸನ್ನರ ಕತ್ತರಿಯ ವಂಶದವೇ. ಟ್ಯಾಮಾಕ್ಸಿಫೆನ್ 1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಶಾಲೆಯಲ್ಲಿ ಡೋರಾ ರಿಚರ್ಡ್‌ಸನ್ ಅವರ ಕೈಯಲ್ಲಿ ತಯಾರಾದಾಗ ಅದರಿಂದ ನಿರೀಕ್ಷಿಸಿದ್ದು ಗರ್ಭನಿರೋಧವನ್ನು. ಇಲಿಗಳಲ್ಲಿ ಗರ್ಭ ತಡೆದ ಆ ಮದ್ದು ಹೆಂಗಸರಲ್ಲಿ ಅಂಡ ಬಿಡುಗಡೆಯನ್ನೇ ಚುರುಕುಗೊಳಿಸಿತು! ಮೂಲೆ ಸೇರಬೇಕಿದ್ದ ಈ ಮದ್ದನ್ನು ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯಲ್ಲಿ ಮುಂದುವರಿದ ಸ್ತನ ಕ್ಯಾನ್ಸರ್‌ಗೆ ಕೊಟ್ಟು ನೋಡಿದ ಫಲಿತಾಂಶ 1971ರಲ್ಲಿ ಹೊರಬಂತು. ಅಲ್ಲಿಂದ ಅದರ ಹಣೆಬರಹವೇ ಬದಲಾಯಿತು. ಗ್ರಾಹಕವಿರುವ ಗೆಡ್ಡೆಯುಳ್ಳವರು ಐದು ವರ್ಷ ಇದನ್ನು ನುಂಗಿದರೆ, ಮುಂದಿನ ಹದಿನೈದು ವರ್ಷಗಳಲ್ಲಿ ಆ ಕಾಯಿಲೆಯಿಂದ ಸಾಯುವ ಸಂಭವ ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಗುತ್ತದೆ ಎಂಬುದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಲೆಕ್ಕ. ಟ್ಯಾಮಾಕ್ಸಿಫೆನ್ ಅಂಡಾಶಯವನ್ನು ನಿಲ್ಲಿಸುವುದಿಲ್ಲ, ಗ್ರಾಹಕದ ಬಾಗಿಲಿಗೆ ಅಡ್ಡ ಕೂರುತ್ತದೆ. ಕಿರಿಯ ವಯಸ್ಸಿನವರಲ್ಲಿ, ಮರುಕಳಿಸುವ ಭಯ ಹೆಚ್ಚಿದ್ದಾಗ, ಅಷ್ಟು ಸಾಲದು. ‘ಸಾಫ್ಟ್’ ಎಂಬ ಅಂತರರಾಷ್ಟ್ರೀಯ ಪ್ರಯೋಗದಲ್ಲಿ 35 ದಾಟದ ಮಹಿಳೆಯರ ಲೆಕ್ಕವನ್ನಷ್ಟೇ ತೆಗೆದರೆ, ಬರೀ ಟ್ಯಾಮಾಕ್ಸಿಫೆನ್ ಪಡೆದವರಲ್ಲಿ ಐದು ವರ್ಷದ ಹೊತ್ತಿಗೆ ಸ್ತನ ಕ್ಯಾನ್ಸರ್ ಮರಳದೆ ಉಳಿದವರು ನೂರಕ್ಕೆ 67.7. ಜೊತೆಗೆ ಅಂಡಾಶಯವನ್ನೂ ಸುಮ್ಮನಾಗಿಸಿದವರಲ್ಲಿ 78.9. ಟ್ಯಾಮಾಕ್ಸಿಫೆನ್ ಬದಲು ಎಕ್ಸಿಮೆಸ್ಟೇನ್ ಗುಳಿಗೆ ಸೇರಿಸಿದವರಲ್ಲಿ 83.4. ಅಂಡಾಶಯವನ್ನು ಸುಮ್ಮನಾಗಿಸುವ ದುಬಾರಿ ಚುಚ್ಚುಮದ್ದು ಎಟುಕದ ಕಡೆ ಬೀಟ್ಸನ್ನರ ಕತ್ತರಿಯೇ ಇವತ್ತಿಗೂ ಕೆಲಸ ಮಾಡುತ್ತದೆ. ವಿಯೆಟ್ನಾಂ ಮತ್ತು ಚೀನಾದಲ್ಲಿ 709 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಅಂಡಾಶಯ ತೆಗೆದು ಟ್ಯಾಮಾಕ್ಸಿಫೆನ್ ಕೊಟ್ಟವರಲ್ಲಿ ಐದು ವರ್ಷ ಕಾಯಿಲೆ ಮರಳದೆ ಇದ್ದವರು ನೂರಕ್ಕೆ 75, ಕೊಡದವರಲ್ಲಿ 58. ಈ ಮಹಿಳೆಯರ ಮಟ್ಟಿಗೆ ಮುಟ್ಟು ನಿಂತದ್ದು ಔಷಧಿ ಹಿಡಿದಿದೆ ಎಂಬುದರ ಗುರುತು.

ಇನ್ನೊಬ್ಬಳ ಕತೆ ಬೇರೆ. ಅವಳ ಗೆಡ್ಡೆ ‘ಟ್ರಿಪಲ್ ನೆಗೆಟಿವ್’. ಅದರಲ್ಲಿ ಹಾರ್ಮೋನ್ ಗ್ರಾಹಕಗಳೂ ಇಲ್ಲ, ಹರ್-2 ಎಂಬ ಪ್ರೋಟೀನಿನ ಅತಿಯೂ ಇಲ್ಲ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದ ರೋಗಿಗಳಲ್ಲಿ ಈ ಬಗೆಯ ಪಾಲು ಹೆಚ್ಚು. ಇಂಥ ಗೆಡ್ಡೆಗೆ ಈಸ್ಟ್ರೋಜನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೂ ಅವಳ ಮುಟ್ಟು ನಿಲ್ಲುತ್ತದೆ, ಏಕೆಂದರೆ ಕಿಮೋಗೆ ಗೆಡ್ಡೆಯ ಕೋಶವೂ ಅಂಡಾಶಯದ ಕೋಶವೂ ಬೇರೆ ಬೇರೆಯಾಗಿ ಕಾಣುವುದಿಲ್ಲ. ಹೆಣ್ಣುಮಗು ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷ ಅಂಡಗಳ ಗಂಟನ್ನು ಹೊತ್ತು ತರುತ್ತದೆ. ಮೈನೆರೆಯುವ ಹೊತ್ತಿಗೆ ಅದು ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತದೆ. ಸುಮಾರು ಸಾವಿರಕ್ಕೆ ಬಂದಾಗ ಸಹಜ ಋತುಬಂಧ. ಈ ಗಂಟಿಗೆ ಹೊಸದಾಗಿ ಏನೂ ಸೇರುವುದಿಲ್ಲ. ಸ್ತನ ಕ್ಯಾನ್ಸರ್‌ಗೆ ದಶಕಗಳಿಂದ ಬಳಕೆಯಲ್ಲಿರುವ ಸೈಕ್ಲೋಫಾಸ್ಫಮೈಡ್, ವಿಭಜನೆಯಾಗದೆ ಮಲಗಿರುವ ಅಂಡಗಳ ಡಿಎನ್‌ಎಯನ್ನೂ ಬಿಡದೆ ಮುರಿಯುತ್ತದೆ. 30ರವಳ ಗಂಟು ದೊಡ್ಡದು, ಒಂದಿಷ್ಟು ಉಳಿದೀತು, ಕೆಲವು ತಿಂಗಳಲ್ಲಿ ಮುಟ್ಟು ಮರಳೀತು. 42ರವಳ ಗಂಟು ಮೊದಲೇ ಸವೆದದ್ದು; ಅದೇ ಪ್ರಮಾಣದ ಮದ್ದು ಅದನ್ನು ಬರಿದು ಮಾಡುತ್ತದೆ. ಈ ನಷ್ಟವನ್ನು ತಗ್ಗಿಸುವ ದಾರಿಯೂ ಇದೆ. ಕಿಮೋ ನಡೆಯುವಷ್ಟು ದಿನ ಗೋಸೆರೆಲಿನ್ ಎಂಬ ಚುಚ್ಚುಮದ್ದು ಕೊಟ್ಟು ಅಂಡಾಶಯವನ್ನು ಮಲಗಿಸಿಟ್ಟರೆ ಏಟು ಕಡಿಮೆ ತಾಗುತ್ತದೆ ಎಂದು, ಗ್ರಾಹಕವಿಲ್ಲದ ಗೆಡ್ಡೆಯುಳ್ಳವರಲ್ಲೇ ನಡೆಸಿದ ‘ಪೋಯಮ್ಸ್’ ಪ್ರಯೋಗ 2015ರಲ್ಲಿ ವರದಿ ಮಾಡಿತು. ಮದ್ದು ಪಡೆದವರಲ್ಲಿ ಅಂಡಾಶಯ ಸೋತದ್ದು ನೂರಕ್ಕೆ 8 ಮಂದಿಯಲ್ಲಿ, ಪಡೆಯದವರಲ್ಲಿ 22 ಮಂದಿಯಲ್ಲಿ. ಅಂಡಗಳನ್ನೋ ಭ್ರೂಣಗಳನ್ನೋ ತೆಗೆದು ಹೆಪ್ಪುಗಟ್ಟಿಸಿಡುವುದಕ್ಕೆ ಎರಡು ವಾರ ಹಿಡಿಯುತ್ತದೆ. ಎರಡರಲ್ಲಿ ಯಾವುದೇ ಆಗಲಿ, ಕಿಮೋದ ಮೊದಲ ಬಾಟಲಿ ಏರಿಸುವ ಮುನ್ನ ಕೇಳಬೇಕಾದ ಪ್ರಶ್ನೆ. ಆಮೇಲೆ ಕೇಳಿದರೆ ಉತ್ತರವಿರುವುದಿಲ್ಲ.

ಈ ಎರಡು ಕತೆಗಳ ನಡುವೆ ಗೆರೆ ಎಳೆದಷ್ಟು ಸಲೀಸಾಗಿ ದೇಹ ನಡೆದುಕೊಳ್ಳುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. 2021ರಲ್ಲಿ ಬಂದ ‘ಆರ್‌ಎಕ್ಸ್‌ಪಾಂಡರ್’ ಪ್ರಯೋಗದಲ್ಲಿ, ಗ್ರಾಹಕವಿರುವ, ಕಂಕುಳ ಗ್ರಂಥಿಗಳಿಗೆ ಸ್ವಲ್ಪ ಹರಡಿದ್ದ, ಆದರೆ ಜೀನ್ ಪರೀಕ್ಷೆಯಲ್ಲಿ ಅಷ್ಟೇನೂ ಉಗ್ರವಲ್ಲವೆಂದು ಕಂಡ ಗೆಡ್ಡೆಗಳಲ್ಲಿ, ಮುಟ್ಟು ನಿಂತಿದ್ದವರಿಗೆ ಕಿಮೋದಿಂದ ಲಾಭ ಕಾಣಲಿಲ್ಲ, ಮುಟ್ಟಾಗುತ್ತಿದ್ದವರಿಗೆ ಕಂಡಿತು. ಹಾಗಾದರೆ ಕಿಮೋ ಗೆದ್ದದ್ದು ಗೆಡ್ಡೆಯನ್ನು ಕೊಂದೋ, ಅಂಡಾಶಯವನ್ನು ಸುಮ್ಮನಾಗಿಸಿಯೋ ಎಂದು ತಜ್ಞರು ಈಗಲೂ ವಾದಿಸುತ್ತಿದ್ದಾರೆ. ಮುಟ್ಟು ನಿಂತ ಮಾತ್ರಕ್ಕೆ ಅಂಡಾಶಯ ಸತ್ತಿದೆ ಎಂದೂ ಅಲ್ಲ. ಕಿಮೋದ ನಂತರ ತಿಂಗಳುಗಟ್ಟಲೆ ಸುಮ್ಮನಿದ್ದ ಅಂಡಾಶಯ ಎದ್ದು ಕೂತದ್ದುಂಟು. ಹೀಗಾಗಿ ಟ್ಯಾಮಾಕ್ಸಿಫೆನ್ ನುಂಗುತ್ತಾ ‘ಹೇಗೂ ಮುಟ್ಟಿಲ್ಲವಲ್ಲ’ ಎಂದು ಗರ್ಭನಿರೋಧವನ್ನು ಕೈಬಿಟ್ಟವಳಿಗೆ ಗರ್ಭ ನಿಲ್ಲಬಹುದು. ಆ ಮದ್ದು ಭ್ರೂಣಕ್ಕೆ ಅಪಾಯಕಾರಿ. ಋತುಬಂಧವಾಗಿದೆ ಎಂದು ನಂಬಿ, ಈಸ್ಟ್ರೋಜನ್ ತಯಾರಿಸುವ ಅರೋಮಟೇಸ್ ಕಿಣ್ವವನ್ನು ತಡೆಯುವ ಎಕ್ಸಿಮೆಸ್ಟೇನ್‌ನಂಥ ಗುಳಿಗೆಯೊಂದನ್ನೇ ಕೊಟ್ಟರೆ ಅದೇ ಗುಳಿಗೆ ಅರೆನಿದ್ರೆಯ ಅಂಡಾಶಯವನ್ನು ತಟ್ಟಿ ಎಬ್ಬಿಸಿಬಿಡಬಹುದು. ಗರ್ಭಕೋಶ ತೆಗೆಸಿಕೊಂಡವರ ವಿಚಾರ ಇನ್ನೂ ಗೊಂದಲದ್ದು. ನಮ್ಮಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಮೂವರಿಗೆ ಆ ಶಸ್ತ್ರಕ್ರಿಯೆ ಆಗಿದೆಯೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಗರ್ಭಕೋಶ ಹೋದರೆ ಮುಟ್ಟು ಹೋಗುತ್ತದೆ; ಅಂಡಾಶಯವನ್ನು ಉಳಿಸಿದ್ದರೆ ಈಸ್ಟ್ರೋಜನ್ ಹೋಗುವುದಿಲ್ಲ. ‘ಎಲ್ಲಾ ತೆಗೆದಿದ್ದಾರೆ’ ಎಂಬ ಮನೆಯವರ ಮಾತನ್ನು ಕ್ಯಾನ್ಸರ್ ವೈದ್ಯರು ಹಾಗೇ ಒಪ್ಪಿಕೊಳ್ಳಬಾರದು. ಹಳೆಯ ಡಿಸ್ಚಾರ್ಜ್ ಕಾಗದವನ್ನು ಹುಡುಕಿಸಬೇಕು, ರಕ್ತಪರೀಕ್ಷೆ ಮಾಡಿಸಬೇಕು.

ಇದಕ್ಕೆಲ್ಲ ಎದುರಾಗುವ ಮೊದಲ ಆಕ್ಷೇಪ ಹಿರಿಯ ಹೆಂಗಸರದ್ದೇ. ಎಲ್ಲರಿಗೂ ಒಂದು ದಿನ ನಿಲ್ಲುವುದೇ ತಾನೆ, ನಮ್ಮ ಅತ್ತೆ ಅಜ್ಜಿಯರೆಲ್ಲ ಸದ್ದಿಲ್ಲದೆ ದಾಟಲಿಲ್ಲವೇ? ಮೂರು ದಿನದ ಹೊರಗಿನ ವಾಸ, ಮಡಿ ಮೈಲಿಗೆಗಳ ಕಟ್ಟಿನಿಂದ ಬಿಡುಗಡೆ ಕೊಟ್ಟ ಋತುಬಂಧವನ್ನು ಅವರು ಹಗುರವಾಗಿ ಸ್ವಾಗತಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಸಹಜ ಋತುಬಂಧ ಸಂಜೆಯ ಹಾಗೆ ಬರುತ್ತದೆ. ಭಾರತದಲ್ಲಿ ಸರಾಸರಿ 46–47ರ ವಯಸ್ಸಿಗೆ, ಹಲವು ವರ್ಷ ಹಾರ್ಮೋನುಗಳು ಏರಿಳಿದು, ಮೆದುಳೂ ಮೂಳೆಯೂ ಹೊಂದಿಕೊಳ್ಳಲು ಸಮಯ ಕೊಟ್ಟು. ಅಂಡಾಶಯ ತೆಗೆದಾಗ ಈಸ್ಟ್ರೋಜನ್ ಕೆಲವೇ ದಿನಗಳಲ್ಲಿ ಕುಸಿಯುತ್ತದೆ, ಕಿಮೋದಲ್ಲಿ ಕೆಲವು ತಿಂಗಳಲ್ಲಿ. ನಮ್ಮ ದೇಹದ ಬಿಸಿಯನ್ನು ಕಾಯುವುದು ಮೆದುಳಿನ ಹೈಪೋಥಲಾಮಸ್. ಮೈ ಬೆವರುವ ಉಷ್ಣತೆಗೂ ನಡುಗುವ ಉಷ್ಣತೆಗೂ ನಡುವೆ ಅದು ಒಂದಿಷ್ಟು ಸಡಿಲು ಬಿಟ್ಟಿರುತ್ತದೆ. ಮೈಬಿಸಿಯ ಕಾಟವಿರುವ ಹೆಂಗಸರಲ್ಲಿ ಈ ಸಡಿಲು ಬಹುತೇಕ ಮಾಯವಾಗಿರುತ್ತದೆ ಎಂದು ಡೆಟ್ರಾಯಿಟ್‌ನ ರಾಬರ್ಟ್ ಫ್ರೀಡ್‌ಮನ್ ಅಳೆದು ತೋರಿಸಿದರು. ಒಂದು ಲೋಟ ಕಾಫಿ, ಒಂದು ಗಾಬರಿ, ಹೊದ್ದ ರಗ್ಗು ಸಾಕು. ಮೆದುಳು ಬೆಂಕಿ ಬಿದ್ದಂತೆ ವರ್ತಿಸಿ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಮೈಯೆಲ್ಲ ಬೆವರು, ಮರುಕ್ಷಣ ಚಳಿ. ಇದನ್ನು ಕೆರಳಿಸುವ ನರಕೋಶಗಳ ಗುಂಪು ಋತುಬಂಧದ ನಂತರ ದಪ್ಪಗಾಗಿರುವುದನ್ನು ಅರಿಜೋನಾದ ನವೋಮಿ ರಾನ್ಸ್ ಗುರುತಿಸಿದ್ದರು. ಈಸ್ಟ್ರೋಜನ್ನಿನ ಲಗಾಮು ತಪ್ಪಿದ ಈ ಕೋಶಗಳು ನ್ಯೂರೋಕೈನಿನ್ ಎಂಬ ರಾಸಾಯನಿಕವನ್ನು ಎಗ್ಗಿಲ್ಲದೆ ಸುರಿಸುತ್ತವೆ. ಅಂದರೆ ‘ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ’ ಎಂದು ಮನೆಯವರು ತೀರ್ಮಾನಿಸುವ ಆ ಉರಿಗೆ ನರಕೋಶದ ವಿಳಾಸವಿದೆ. ಮೂಳೆಯ ಲೆಕ್ಕವಂತೂ ಕಣ್ಣಿಗೆ ಕಾಣದೆಯೇ ನಡೆಯುತ್ತದೆ. ಸಹಜ ಋತುಬಂಧದ ಆಸುಪಾಸಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದೆರಡು ಭಾಗ ಸವೆಯುವ ಬೆನ್ನೆಲುಬು, ಕಿಮೋದಿಂದ ಅಂಡಾಶಯ ಸೋತವರಲ್ಲಿ ಮೊದಲ ಒಂದೇ ವರ್ಷದಲ್ಲಿ ಏಳು ಭಾಗಕ್ಕಿಂತ ಹೆಚ್ಚು ಸವೆದದ್ದು ಅಮೆರಿಕದ ಅಧ್ಯಯನವೊಂದರಲ್ಲಿ ದಾಖಲಾಗಿದೆ. ಯೋನಿಯ ಒಣಗುವಿಕೆ, ಉರಿಮೂತ್ರ, ಕೂಡುವಾಗಿನ ನೋವು, ಮುರಿದ ನಿದ್ದೆ ಇವೂ ಇವೆ. ಅಜ್ಜಿ ದಾಟಿದ ಹೊಳೆ ಇದೇ ಇರಬಹುದು, ಆದರೆ ಆಕೆ ದಾಟಿದ್ದು ಬೇಸಿಗೆಯಲ್ಲಿ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಜೀವ ಮೊದಲು, ಸುಖ ಆಮೇಲೆ. ಭಾರತದಲ್ಲಿ 2022ರಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 98 ಸಾವಿರ ಮಂದಿ ಅದರಿಂದ ಸತ್ತರು ಎಂದು ಜಾಗತಿಕ ಅಂದಾಜು ಹೇಳುತ್ತದೆ. ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರಲ್ಲಿ ಶುರುವಾದಾಗ ಹೆಂಗಸರಲ್ಲಿ ಮೊದಲ ಸ್ಥಾನದಲ್ಲಿದ್ದ ಗರ್ಭಕಂಠದ ಕ್ಯಾನ್ಸರನ್ನು ಸ್ತನ ಕ್ಯಾನ್ಸರ್ ಹಿಂದಿಕ್ಕಿ ವರ್ಷಗಳೇ ಆದವು. ನಮ್ಮಲ್ಲಿ ಇದು ಪಾಶ್ಚಾತ್ಯರಿಗಿಂತ ಸುಮಾರು ಒಂದು ದಶಕ ಮೊದಲೇ, ಮುಟ್ಟು ನಿಲ್ಲದ ವಯಸ್ಸಿನಲ್ಲಿ, ತಡವಾದ ಹಂತದಲ್ಲಿ ಕಾಣಿಸಿಕೊಳ್ಳುತ್ತದೆ. ಇಂಥ ಕಡೆ ಮೈಬಿಸಿಯ ಚರ್ಚೆ ಐಷಾರಾಮವಲ್ಲವೇ ಎಂದು ಸರದಿಯಲ್ಲಿ ನೂರು ರೋಗಿಗಳನ್ನು ನೋಡಬೇಕಾದ ವೈದ್ಯರು ಕೇಳಿದರೆ ತಪ್ಪು ಹುಡುಕಲಾಗದು. ಆದರೆ ಜೀವ ಮತ್ತು ಸುಖ ಬೇರೆ ಬೇರೆ ಖಾತೆಗಳೆಂಬ ಊಹೆಯೇ ಇಲ್ಲಿ ಕುಸಿಯುತ್ತದೆ. ಹಾರ್ಮೋನ್ ಚಿಕಿತ್ಸೆ ಐದರಿಂದ ಹತ್ತು ವರ್ಷ ನಡೆಯುವಂಥದ್ದು, ಅದೂ ಆಸ್ಪತ್ರೆಯ ಮಂಚದಲ್ಲಲ್ಲ, ಅಡುಗೆಮನೆಯ ಕಟ್ಟೆಯ ಮೇಲಿನ ಡಬ್ಬಿಯಿಂದ. ಕ್ಯಾಲಿಫೋರ್ನಿಯಾದಲ್ಲಿ 8,769 ಮಹಿಳೆಯರ ಔಷಧಿ ದಾಖಲೆಗಳನ್ನು ನೋಡಿದಾಗ ನಾಲ್ಕೂವರೆ ವರ್ಷ ಪೂರ್ತಿ, ತಪ್ಪದೆ ಗುಳಿಗೆ ಪಡೆದವರು ನೂರಕ್ಕೆ 49 ಮಾತ್ರ. ಬಿಟ್ಟವರಲ್ಲಿ ಸಾವು ಹೆಚ್ಚು. ಫ್ರಾನ್ಸಿನ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಋತುಬಂಧವಾಗದ 1,177 ಮಹಿಳೆಯರ ರಕ್ತದಲ್ಲಿ ಟ್ಯಾಮಾಕ್ಸಿಫೆನ್ ಎಷ್ಟಿದೆ ಎಂದು ಒಂದು ವರ್ಷದ ಬಳಿಕ ಅಳೆದರು. ನೂರಕ್ಕೆ 16 ಮಂದಿಯ ರಕ್ತದಲ್ಲಿ ಇರಬೇಕಾದಷ್ಟು ಇರಲಿಲ್ಲ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಾವು ಗುಳಿಗೆ ಬಿಟ್ಟಿರುವುದನ್ನು ವೈದ್ಯರಿಗೆ ಹೇಳಿರಲಿಲ್ಲ. ಕಾಯಿಲೆ ದೂರದ ಅಂಗಗಳಿಗೆ ಮರಳಿದ್ದು ಈ ಗುಂಪಿನಲ್ಲೇ ಹೆಚ್ಚು. ಗುಳಿಗೆ ಬಿಡಲು ಮರೆವು, ದೂರ, ದುಡ್ಡು ಎಲ್ಲವೂ ಕಾರಣಗಳೇ. ಆದರೆ ಟ್ಯಾಮಾಕ್ಸಿಫೆನ್‌ನಷ್ಟು ಅಗ್ಗದ ಕ್ಯಾನ್ಸರ್ ಮದ್ದು ಬೇರೆ ಸಿಗುವುದು ಕಷ್ಟ. ರಾತ್ರಿ ನಾಲ್ಕು ಸಲ ಒದ್ದೆ ಬಟ್ಟೆ ಬದಲಿಸಿದವಳು ಬೆಳಿಗ್ಗೆ ಆ ಡಬ್ಬಿಯನ್ನು ನೋಡುವ ನೋಟದಲ್ಲಿ ಅವಳ ಆಯುಷ್ಯದ ಪ್ರಶ್ನೆಯೂ ಇದೆ.

ಹಾಗಿದ್ದರೆ ಕಳೆದುಹೋದ ಈಸ್ಟ್ರೋಜನ್ನನ್ನೇ ಹೊರಗಿನಿಂದ ಕೊಟ್ಟುಬಿಡಬಹುದಲ್ಲ? ಇದನ್ನು ಪರೀಕ್ಷಿಸಿದ್ದಾರೆ. ಸ್ವೀಡನ್ನಿನಿಂದ ಆರಂಭವಾದ ‘ಹ್ಯಾಬಿಟ್ಸ್’ ಪ್ರಯೋಗದಲ್ಲಿ ಸ್ತನ ಕ್ಯಾನ್ಸರ್ ದಾಟಿದವರಿಗೆ ಹಾರ್ಮೋನ್ ಕೊಟ್ಟಾಗ 26 ಮಂದಿಯಲ್ಲಿ ಕಾಯಿಲೆ ಮತ್ತೆ ಕಾಣಿಸಿತು, ಕೊಡದ ಗುಂಪಿನಲ್ಲಿ 7 ಮಂದಿಯಲ್ಲಿ. 2003ರ ಕೊನೆಯಲ್ಲಿ ಪ್ರಯೋಗವನ್ನೇ ನಿಲ್ಲಿಸಿದರು. ಸ್ಟಾಕ್‌ಹೋಮಿನ ಇನ್ನೊಂದು ಪ್ರಯೋಗದಲ್ಲಿ ಅಂಥ ಅಪಾಯ ಕಾಣಲಿಲ್ಲವೆಂಬುದು ನಿಜ. ಆದರೂ ಒಂದು ಗಂಟೆ ಬಾರಿಸಿದ ಮೇಲೆ ಕಿವಿ ಮುಚ್ಚಿಕೊಳ್ಳುವುದು ಜಾಣತನವಲ್ಲ. ಯೋನಿಯ ಒಳಗಷ್ಟೇ ಹಚ್ಚುವ ಈಸ್ಟ್ರೋಜನ್ ಮುಲಾಮಿನ ವಿಚಾರ ಇದಕ್ಕಿಂತ ಮೃದು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 49 ಸಾವಿರ ರೋಗಿಗಳ ದಾಖಲೆಗಳಲ್ಲಿ ಅದರಿಂದ ಸಾವು ಹೆಚ್ಚಿದ್ದು ಕಾಣಲಿಲ್ಲ. ಡೆನ್ಮಾರ್ಕಿನ ದಾಖಲೆಗಳಲ್ಲಿ ಮಾತ್ರ ಅರೋಮಟೇಸ್ ತಡೆಗುಳಿಗೆ ನುಂಗುತ್ತಿದ್ದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಿತ್ತು. ಆದ್ದರಿಂದ ಅಲ್ಲಿಯೂ ಯಾರು ಯಾವ ಗುಳಿಗೆಯಲ್ಲಿದ್ದಾರೆ ಎಂಬುದರ ಮೇಲೆ ಉತ್ತರ ನಿಂತಿದೆ. ಹಾರ್ಮೋನ್ ಇಲ್ಲದ ಮದ್ದುಗಳು ಇವೆ. ಖಿನ್ನತೆಗೆ ಬಳಸುವ ವೆನ್ಲಾಫಾಕ್ಸಿನ್ ಮೈಬಿಸಿಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿದ್ದನ್ನು ಅಮೆರಿಕದ ವೈದ್ಯರು 2000ದಲ್ಲೇ ತೋರಿಸಿದ್ದರು. ಅದೇ ಪ್ರಯೋಗದಲ್ಲಿ ಹುಸಿಗುಳಿಗೆ ನುಂಗಿದವರಲ್ಲೂ ನೂರಕ್ಕೆ 27ರಷ್ಟು ತಗ್ಗಿತ್ತು. ಇದನ್ನು ಓದಿ ‘ನೋಡಿ, ಎಲ್ಲ ಭ್ರಮೆ’ ಎನ್ನುವವರಿದ್ದಾರೆ. ಯಾರೋ ಲೆಕ್ಕ ಕೇಳುತ್ತಿದ್ದಾರೆ ಎಂಬುದರಿಂದಲೇ ಅದರಲ್ಲಿ ಒಂದಿಷ್ಟು ಇಳಿದಿದ್ದರೂ, ನನಗಂತೂ ಅದು ಕೇಳಿಸಿಕೊಳ್ಳುವವರ ಪರವಾದ ಸಾಕ್ಷಿಯಾಗಿಯೇ ಕಾಣುತ್ತದೆ. ಪರೊಕ್ಸೆಟೀನ್ ಎಂಬ ಅದೇ ಬಳಗದ ಮದ್ದು ಟ್ಯಾಮಾಕ್ಸಿಫೆನ್ನನ್ನು ಕ್ರಿಯಾಶೀಲಗೊಳಿಸುವ ಯಕೃತ್ತಿನ ಕಿಣ್ವವನ್ನು ಅಡ್ಡಗಟ್ಟುವುದರಿಂದ ವೈದ್ಯರು ಸಾಮಾನ್ಯವಾಗಿ ಇವೆರಡನ್ನು ಜೊತೆಗೂಡಿಸುವುದಿಲ್ಲ. ನ್ಯೂರೋಕೈನಿನ್ ಗ್ರಾಹಕಗಳಿಗೆ ಬೀಗ ಹಾಕುವ ಹೊಸ ಗುಳಿಗೆಗಳಲ್ಲಿ ಒಂದಾದ ಎಲಿನ್ಜಾನೆಟಂಟ್ ಸ್ತನ ಕ್ಯಾನ್ಸರ್‌ನ ಹಾರ್ಮೋನ್ ಚಿಕಿತ್ಸೆಯಲ್ಲಿರುವವರಲ್ಲೇ ಪರೀಕ್ಷೆಗೊಳಗಾಗಿ ಫಲ ಕೊಟ್ಟಿದೆ. ರಾನ್ಸ್ ಅವರು ದಪ್ಪಗಾದ ನರಕೋಶಗಳನ್ನು ಎಣಿಸುತ್ತಿದ್ದಾಗ ಇಂಥದೊಂದು ದಿನ ಬಂದೀತೆಂದು ಯಾರೂ ಅಂದುಕೊಂಡಿರಲಾರರು.

ಈಗ ಆಸರೆಯ ಮಾತು. ಇದನ್ನು ಒಳ್ಳೆಯ ಮನಸ್ಸಿನ ವಿಷಯವೆಂದು ಬಿಟ್ಟುಬಿಡದೆ ಗುಳಿಗೆಯನ್ನು ಪರೀಕ್ಷಿಸಿದಂತೆಯೇ ಪರೀಕ್ಷಿಸಿದವರಿದ್ದಾರೆ, ಮತ್ತು ಫಲಿತಾಂಶ ಎಲ್ಲರಿಗೂ ಹಿತವಾಗಿಲ್ಲ. 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗೆಲ್, ಹರಡಿದ ಸ್ತನ ಕ್ಯಾನ್ಸರ್‌ನ 86 ಮಹಿಳೆಯರಲ್ಲಿ ವಾರಕ್ಕೊಮ್ಮೆ ಗುಂಪಾಗಿ ಕೂತು ಮಾತಾಡಿದವರು ಸರಾಸರಿ 36.6 ತಿಂಗಳು ಬದುಕಿದರು, ಉಳಿದವರು 18.9 ತಿಂಗಳು ಎಂದು ಪ್ರಕಟಿಸಿದಾಗ ಜಗತ್ತು ಬೆರಗಾಯಿತು. ಮಾತೇ ಮದ್ದು ಎಂಬ ನಂಬಿಕೆಗೆ ರೆಕ್ಕೆ ಬಂತು. 2001ರಲ್ಲಿ ಕೆನಡಾದ ಪಮೇಲಾ ಗುಡ್‌ವಿನ್ ಮತ್ತು ಸಂಗಡಿಗರು 235 ಮಹಿಳೆಯರಲ್ಲಿ ಅದೇ ಪ್ರಯೋಗ ಮಾಡಿದರು. ಗುಂಪಿನಲ್ಲಿದ್ದವರು 17.9 ತಿಂಗಳು, ಇಲ್ಲದವರು 17.6. ಸ್ಪೀಗೆಲ್ ತಾವೇ ಮತ್ತೆ ಮಾಡಿದಾಗಲೂ ಆಯುಷ್ಯ ಒಟ್ಟಾರೆ ಹೆಚ್ಚಲಿಲ್ಲ. ಮಾತು ಗೆಡ್ಡೆಯನ್ನು ಕರಗಿಸುವುದಿಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು, ಇಲ್ಲದಿದ್ದರೆ ಕಾಯಿಲೆ ಮರಳಿದವಳ ಮೇಲೆ ‘ನೀನು ಧೈರ್ಯ ಸಾಲದೆ ಹೀಗಾಯಿತು’ ಎಂಬ ಅಪವಾದವನ್ನು ಹೊರಿಸಿದಂತಾಗುತ್ತದೆ. ಆದರೆ ಗುಡ್‌ವಿನ್ನರ ಪ್ರಯೋಗದಲ್ಲೇ ಗುಂಪಿನಲ್ಲಿದ್ದವರ ಮನಸ್ಸಿನ ಕುದಿತವೂ ನೋವೂ ಕಡಿಮೆಯಾಗಿದ್ದವು, ಅದರಲ್ಲೂ ಹೆಚ್ಚು ನರಳುತ್ತಿದ್ದವರಲ್ಲಿ. ಪಿಟ್ಸ್‌ಬರ್ಗಿನಲ್ಲಿ ವಿಕಿ ಹೆಲ್ಗೆಸನ್ ಮತ್ತು ಶೆಲ್ಡನ್ ಕೊಹೆನ್ 312 ಮಹಿಳೆಯರನ್ನು ತೆಗೆದುಕೊಂಡು ಇನ್ನೂ ಚೂಪಾದ ಪ್ರಶ್ನೆ ಕೇಳಿದರು. ಕೆಲವರಿಗೆ ಕಾಯಿಲೆ ಮತ್ತು ಚಿಕಿತ್ಸೆಯ ಬಗ್ಗೆ ಪಾಠ, ಕೆಲವರಿಗೆ ತಮ್ಮತಮ್ಮಲ್ಲಿ ಮಾತುಕತೆ. ಗೆದ್ದದ್ದು ಪಾಠ. ಬರೀ ಮಾತುಕತೆಯಿಂದ ಒಟ್ಟಾರೆ ಲಾಭ ಕಾಣಲಿಲ್ಲ. ಗಂಡನಿಂದ ಆಸರೆ ಸಿಗದಿದ್ದವರಿಗೆ ಮಾತುಕತೆ ಒಳ್ಳೆಯದು ಮಾಡಿತು. ಮನೆಯಲ್ಲಿ ಆಸರೆ ಚೆನ್ನಾಗಿದ್ದವರಿಗೆ ಕೆಟ್ಟದ್ದನ್ನೂ ಮಾಡಿತು.

ಅಧ್ಯಾಯದ ಆರಂಭದಲ್ಲಿ ಬೆಂಚಿನ ಮೇಲೆ ಕೂತಿದ್ದ ಇಬ್ಬರನ್ನು ಇಲ್ಲಿ ನೆನೆದರೆ ಈ ಫಲಿತಾಂಶ ಅಷ್ಟೇನೂ ವಿಚಿತ್ರವೆನಿಸದು. ಒಬ್ಬಳ ಅನುಭವ ಇನ್ನೊಬ್ಬಳಿಗೆ ಹಾಗೆಹಾಗೇ ಹೊಂದುವುದಿಲ್ಲ. ‘ನನಗೆ ಆರು ತಿಂಗಳಲ್ಲಿ ಮುಟ್ಟು ಮರಳಿತು, ನಿನಗೂ ಬರುತ್ತದೆ’ ಎಂಬ ಪ್ರೀತಿಯ ಮಾತು, ಅಂಡಾಶಯವನ್ನು ಬೇಕೆಂದೇ ಮಲಗಿಸಿರುವವಳಲ್ಲಿ ತಪ್ಪು ಆಸೆಯನ್ನೋ ಚುಚ್ಚುಮದ್ದಿನ ಮೇಲೆ ಅಪನಂಬಿಕೆಯನ್ನೋ ಹುಟ್ಟಿಸುತ್ತದೆ. ‘ನಾನು ಆ ಗುಳಿಗೆ ಬಿಟ್ಟೆ, ಏನೂ ಆಗಲಿಲ್ಲ’ ಎಂಬುದು ಇನ್ನೂ ಅಪಾಯದ ಮಾತು. ಬಿಟ್ಟು ಏನಾದರೂ ಆದವರು ಹೇಳಲು ಬೆಂಚಿಗೆ ಬಂದಿರುವುದಿಲ್ಲ. ಹಾಗೆಂದು ರೋಗಿಗಳ ಒಡನಾಟ ಬೇಡವೆನ್ನುವುದು ಎತ್ತಿನ ಜ್ವರಕ್ಕೆ ಎಮ್ಮೆಗೆ ಬರೆ ಎಳೆದಂತೆ. ಲಂಡನ್ನಿನಲ್ಲಿ ಮೈರಾ ಹಂಟರ್ ತಂಡ ನಡೆಸಿ 2012ರಲ್ಲಿ ವರದಿ ಮಾಡಿದ ‘ಮೆನೋಸ್-1’ ಪ್ರಯೋಗ ನಡುದಾರಿಯೊಂದನ್ನು ತೋರಿಸಿತು. ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ಮೈಬಿಸಿಯಿಂದ ಬಳಲುತ್ತಿದ್ದ 96 ಮಹಿಳೆಯರಲ್ಲಿ ಅರ್ಧದಷ್ಟು ಜನ ವಾರಕ್ಕೆ ಒಂದೂವರೆ ಗಂಟೆಯಂತೆ ಆರು ವಾರ ಗುಂಪಾಗಿ ಕೂತರು. ಕಷ್ಟ ಹೇಳಿಕೊಳ್ಳುವುದಷ್ಟೇ ಅಲ್ಲ, ಉರಿ ಏಕೆ ಏಳುತ್ತದೆ, ಎದ್ದಾಗ ಉಸಿರನ್ನು ಹೇಗೆ ನಿಧಾನಿಸಬೇಕು, ‘ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ’ ಎಂಬ ಯೋಚನೆಯನ್ನು ಹೇಗೆ ಎದುರಿಸಬೇಕು, ರಾತ್ರಿ ಎಚ್ಚರವಾದಾಗ ಏನು ಮಾಡಬೇಕು ಎಂದು ಕಲಿತರು. ಒಂಬತ್ತು ವಾರಕ್ಕೆ ಮೈಬಿಸಿ ಎಷ್ಟು ಕಾಡುತ್ತಿದೆ ಎಂಬ ಅಂಕ ಇವರಲ್ಲಿ ನೂರಕ್ಕೆ 46 ಇಳಿಯಿತು, ಉಳಿದವರಲ್ಲಿ 19. ಎಷ್ಟು ಸಲ ಬರುತ್ತದೆ ಎಂಬುದು ಹೆಚ್ಚೇನೂ ಬದಲಾಗಲಿಲ್ಲ. ಬಂದಾಗ ಅದು ಅವರ ದಿನವನ್ನು ನುಂಗುವುದು ಕಡಿಮೆಯಾಯಿತು. ಮುಂದೆ ಬ್ರಿಟನ್ನಿನಲ್ಲೇ ನಡೆದ ‘ಮೆನೋಸ್-4’ರಲ್ಲಿ ಮನಶ್ಶಾಸ್ತ್ರಜ್ಞರ ಬದಲು ಸ್ತನ ಕ್ಯಾನ್ಸರ್ ವಿಭಾಗದ ನರ್ಸ್‌ಗಳೇ ತರಬೇತಿ ಪಡೆದು ಇದನ್ನು ನಡೆಸಿದಾಗಲೂ ಫಲ ಸಿಕ್ಕಿತು. ಮನಶ್ಶಾಸ್ತ್ರಜ್ಞರು ಕೈಬೆರಳೆಣಿಕೆಯಷ್ಟಿರುವ, ನರ್ಸ್‌ಗಳು ರೋಗಿಯ ಭಾಷೆಯನ್ನೇ ಆಡುವ ನಮ್ಮಂಥ ಕಡೆಗೆ ಈ ಎರಡನೆಯ ಪ್ರಯೋಗವೇ ಹೆಚ್ಚು ಬೆಲೆಯುಳ್ಳದ್ದು.

ನಮಗೆ ಗುಂಪು ಗಿಂಪು ಬೇಡ, ತುಂಬಿದ ಮನೆಯಿದೆ ಎನ್ನುವವರೂ ಇದ್ದಾರೆ. ಹೆಲ್ಗೆಸನ್ನರ ಅಂಕಿಗಳು ಒಂದು ಮಟ್ಟಿಗೆ ಅವರ ಪರವೇ. ಕಿಮೋ ದಿನ ರಾಯಚೂರಿನಿಂದಲೋ ಶಿವಮೊಗ್ಗದಿಂದಲೋ ಜೊತೆಗೆ ಬಂದು ಕಾರಿಡಾರಿನಲ್ಲಿ ಮಲಗುವ ತಮ್ಮ, ಗಂಜಿ ಮಾಡಿ ತರುವ ಅತ್ತಿಗೆ, ಮಕ್ಕಳನ್ನು ನೋಡಿಕೊಳ್ಳುವ ತಾಯಿ ಇವರನ್ನು ಯಾವ ಸಂಘವೂ ತುಂಬಿಕೊಡಲಾರದು. ಆದರೆ ಈ ಮನೆ ಹೊಟ್ಟೆಗೆ, ಓಡಾಟಕ್ಕೆ, ದುಡ್ಡಿಗೆ ಒದಗಿದಷ್ಟು ಮುಟ್ಟಿನ ಮಾತಿಗೆ ಒದಗುವುದಿಲ್ಲ. ವೈದ್ಯರು ವಿವರಿಸುವುದು ಗಂಡನಿಗೋ ಅಣ್ಣನಿಗೋ. ಅವರು ಅವಳಿಗೆ ದಾಟಿಸುವುದು ‘ಏನೂ ಇಲ್ಲವಂತೆ, ಗುಳಿಗೆ ತಪ್ಪಿಸಬಾರದಂತೆ’ ಎಂಬಷ್ಟನ್ನು. ಯೋನಿ ಒಣಗುವುದರ ಬಗ್ಗೆ, ಜಾರುಜೆಲ್ ಬಳಸಬಹುದೆಂಬುದರ ಬಗ್ಗೆ, ನಿರೋಧ್ ಬಿಡಬಾರದೆಂಬುದರ ಬಗ್ಗೆ ಅಣ್ಣನ ಮೂಲಕ ತಂಗಿಗೆ ತಿಳಿಸಲಾಗುವುದಿಲ್ಲ. ಅವಳು ದೂರ ಸರಿದದ್ದನ್ನು ಗಂಡ ಮುನಿಸೆಂದುಕೊಳ್ಳುತ್ತಾನೆ, ಅವನು ಮುಟ್ಟದೆ ಉಳಿದದ್ದನ್ನು ಅವಳು ಅಸಹ್ಯವೆಂದುಕೊಳ್ಳುತ್ತಾಳೆ. ಸಂಬಂಧ ಮುರಿಯುವ ಭಯ ಪೂರ್ತಿ ಹುಸಿಯಲ್ಲ. ಗಂಭೀರ ಕಾಯಿಲೆಯ 515 ಮಂದಿಯನ್ನು ಅನುಸರಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ ರೋಗಿ ಹೆಂಡತಿಯಾದಾಗ ದಾಂಪತ್ಯ ಮುರಿದದ್ದು ನೂರಕ್ಕೆ 20.8, ರೋಗಿ ಗಂಡನಾದಾಗ 2.9. ಆದರೆ ಡೆನ್ಮಾರ್ಕಿನ ಇಡೀ ದೇಶದ ದಾಖಲೆಗಳಲ್ಲಿ ಸ್ತನ ಕ್ಯಾನ್ಸರ್ ವಿಚ್ಛೇದನವನ್ನು ಹೆಚ್ಚಿಸಿದ್ದು ಕಾಣಲಿಲ್ಲ. ಕಾಯಿಲೆಯೊಂದೇ ಮನೆ ಮುರಿಯುವುದಿಲ್ಲ, ಅದರ ಸುತ್ತಲಿನ ಏರ್ಪಾಡು ಹೇಗಿದೆ ಎಂಬುದೂ ಸೇರುತ್ತದೆ ಎಂದು ಓದಿಕೊಳ್ಳಬಹುದು. ನಮ್ಮಲ್ಲಂತೂ ವಿಚ್ಛೇದನದ ಅಂಕಿ ಏನನ್ನೂ ಹೇಳುವುದಿಲ್ಲ. ‘ಸ್ವಲ್ಪ ದಿನ ತವರಿನಲ್ಲಿರಲಿ’ ಎಂಬುದು ಯಾವ ನೋಂದಣಿಗೂ ಸಿಗದ ವಾಕ್ಯ.

ಮಕ್ಕಳ ಪ್ರಶ್ನೆ ಬಂದಾಗ ಮನೆಯ ಆಸರೆಗೇ ನಿಜವಾದ ಪರೀಕ್ಷೆ. ಕ್ಯಾನ್ಸರ್ ಆದವಳಿಗೆ ಬಸಿರು ಬೇಡವೇ ಬೇಡ, ಕಾಯಿಲೆ ಮರಳುತ್ತದೆ ಎಂದು ಬಹುಕಾಲ ವೈದ್ಯರೂ ಹೆದರುತ್ತಿದ್ದರು. 42 ದಾಟದ, ಗ್ರಾಹಕವಿರುವ ಗೆಡ್ಡೆಗೆ ಚಿಕಿತ್ಸೆ ಪಡೆಯುತ್ತಿದ್ದ ಐನೂರಕ್ಕೂ ಹೆಚ್ಚು ಮಹಿಳೆಯರು ಹಾರ್ಮೋನ್ ಗುಳಿಗೆಗೆ ಎರಡು ವರ್ಷದವರೆಗೆ ಬಿಡುವು ಕೊಟ್ಟು ಬಸಿರಾಗಲು ಯತ್ನಿಸಿದ ‘ಪಾಸಿಟಿವ್’ ಪ್ರಯೋಗದ ವರದಿ 2023ರಲ್ಲಿ ಬಂತು. ಮೂರು ವರ್ಷದಲ್ಲಿ ಕಾಯಿಲೆ ಮರಳಿದ್ದು ನೂರಕ್ಕೆ 8.9 ಮಂದಿಗೆ, ಬಿಡುವು ಕೊಡದ, ಹೋಲಿಕೆಗೆ ಆಯ್ದ ಗುಂಪಿನಲ್ಲಿ 9.2. ನಾಲ್ವರಲ್ಲಿ ಸುಮಾರು ಮೂವರು ಬಸಿರಾದರು. ಮೂರು ವರ್ಷ ದೊಡ್ಡ ಅವಧಿಯಲ್ಲ, ಈ ಬಗೆಯ ಗೆಡ್ಡೆ ಹತ್ತು ಹದಿನೈದು ವರ್ಷದ ಮೇಲೂ ಮರಳಬಲ್ಲದು ಎಂಬ ಎಚ್ಚರಿಕೆ ಸರಿಯಾದದ್ದೇ. ಇಲ್ಲಿ ಗಮನಿಸಬೇಕಾದದ್ದು ಆ ಮಹಿಳೆಯರು ಗುಳಿಗೆಯನ್ನು ಗುಟ್ಟಾಗಿ ಬಿಡಲಿಲ್ಲ ಎಂಬುದನ್ನು. ಯಾವಾಗ ನಿಲ್ಲಿಸಬೇಕು, ಎಷ್ಟು ದಿನ ಕಾದು ಯತ್ನಿಸಬೇಕು, ಎಂದು ಮತ್ತೆ ಶುರು ಮಾಡಬೇಕು ಎಂಬುದಕ್ಕೆ ತಾರೀಖುಗಳಿದ್ದವು. ಅತ್ತೆಯ ಒತ್ತಾಯಕ್ಕೆ ತಾನಾಗಿ ಡಬ್ಬಿ ಮುಚ್ಚಿಟ್ಟವಳಿಗೂ ಇವರಿಗೂ ಇರುವ ಅಂತರ ಆ ತಾರೀಖುಗಳದ್ದು.

ಬೆಂಚಿನ ಮೇಲಿನ ಇಬ್ಬರನ್ನೂ ನರ್ಸ್ ಒಳಗೆ ಕರೆಯುತ್ತಾಳೆ. ಇಬ್ಬರಿಗೂ ಕೊಡುವುದು ಅದೇ ಗೋಸೆರೆಲಿನ್, ಅದೇ 3.6 ಮಿಲಿಗ್ರಾಂ, ಹೊಟ್ಟೆಯ ಚರ್ಮದಡಿ ದಪ್ಪ ಸೂಜಿಯಲ್ಲಿ ಕೂರಿಸುವ ಅಕ್ಕಿಕಾಳಿನಂಥ ತುಣುಕು. ಒಬ್ಬಳಲ್ಲಿ ಅದು ಅಂಡಾಶಯವನ್ನು ಕಾಯುತ್ತಿದೆ, ಇನ್ನೊಬ್ಬಳಲ್ಲಿ ಅಂಡಾಶಯದಿಂದ ಅವಳನ್ನು ಕಾಯುತ್ತಿದೆ. ಮೊದಲನೆಯವಳ ಫೈಲಿನಲ್ಲಿ ಕೊನೆಯ ಕಿಮೋ ಜೊತೆಗೆ ಅದು ಮುಗಿಯುತ್ತದೆ ಎಂದು ಬರೆದಿದೆ. ಎರಡನೆಯವಳ ಚೀಟಿಯಲ್ಲಿ ಇವತ್ತಿನಿಂದ 28ನೆಯ ದಿನದ ತಾರೀಖು.